ಪಕ್ಕದ ಸೀಟಿನ ಸುವಾರ್ತೆ

ನನ್ನ ದೊಡ್ಡಮ್ಮ ಹೊಟ್ಟೆಪಾಡಿಗೆ ಕಾರು ಓಡಿಸುವುದನ್ನು ಹೇಳಿಕೊಡುತ್ತಿದ್ದಳು. ಕಲಿಯಲು ಬಂದವರಿಗೆ ಯೇಸುವಿನ ವಿಷಯವನ್ನೂ ಹೇಳುತ್ತಿದ್ದಳು. ಎರಡೂ ಒಂದೇ ಕಾರಿನಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುತ್ತಿದ್ದವು. ಅವಳ ಕೈಯಲ್ಲಿ ಕಲಿತವರಲ್ಲಿ ಹೆಚ್ಚಿನವರಿಗೆ ಲೈಸೆನ್ಸ್ ಸಿಕ್ಕಿತು. ಚರ್ಚಿಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಮೊದಲನೆಯ ವಿಷಯದಲ್ಲಿ ಡ್ರೈವಿಂಗ್ ಸ್ಕೂಲಿನ ಮಾಲೀಕನಿಗೆ ತೃಪ್ತಿ ಇತ್ತು. ಎರಡನೆಯದರಲ್ಲಿ ದೊಡ್ಡಮ್ಮನಿಗೆ ಇರಲಿಲ್ಲ.

ಕಾರು ಬಿಳಿ ಬಣ್ಣದ್ದು. ತಲೆಯ ಮೇಲೆ ಸ್ಕೂಲಿನ ಬೋರ್ಡು, ನಾಲ್ಕೂ ಮೂಲೆಯಲ್ಲಿ ತರಚಿದ ಗಾಯ. ಕಲಿಸುವವರು ಕೂರುವ ಪಕ್ಕದ ಸೀಟಿನ ಮುಂದೆ, ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಸೀಟಿನ ಕವರುಗಳನ್ನು ಹೊಲಿದುಕೊಟ್ಟವನು ದೊಡ್ಡಪ್ಪ. ಅವನು ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವವನು. ಬಾಯಿ ತುಂಬ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತಿದ್ದುದರಿಂದ ಹಗಲೆಲ್ಲ ಮಾತಾಡುವ ಹಾಗಿರಲಿಲ್ಲ. ಸಂಜೆ ಮೊಳೆ ತೆಗೆದಿಟ್ಟ ಮೇಲೂ ಅಭ್ಯಾಸ ತಪ್ಪಲಿಲ್ಲ. ಮನೆಯ ಮಾತನ್ನೆಲ್ಲ ದೊಡ್ಡಮ್ಮನೇ ಆಡಬೇಕಾಗಿತ್ತು, ಅದರಿಂದ ಅವಳಿಗೆ ಏನೂ ತೊಂದರೆಯಾದಂತೆ ಕಾಣಲಿಲ್ಲ. ಓದುವ ಕಾಲದಲ್ಲಿ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಆದ್ದರಿಂದ ಈ ಸಂಗತಿಗಳಲ್ಲಿ ಹೆಚ್ಚಿನವು ನನ್ನ ಕಣ್ಣೆದುರೇ ನಡೆದವು. ಉಳಿದವನ್ನು ದೊಡ್ಡಮ್ಮ ಊಟದ ಹೊತ್ತಿಗೆ ಹೇಳುತ್ತಿದ್ದಳು, ಕೇಳಿದರೂ ಕೇಳದಿದ್ದರೂ.

ಪಾಠ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಕೀಲಿ ತಿರುಗಿಸುವ ಮೊದಲು ದೊಡ್ಡಮ್ಮ ಕಣ್ಣು ಮುಚ್ಚುತ್ತಿದ್ದಳು. "ಕರ್ತನೇ, ಮುಂದೆ ಹೋಗೋರನ್ನ ಕಾಪಾಡು, ಅಡ್ಡ ಬರೋರನ್ನ ಕಾಪಾಡು, ಇವರ ಕೈ ಹೇಳಿದ್ದನ್ನ ಕಾಲು ಕೇಳೋ ಹಾಗೆ ಮಾಡು, ಆಮೆನ್."

ಹೊಸಬರು ಬೆಚ್ಚಿಬೀಳುತ್ತಿದ್ದರು. "ಯಾಕೆ ಮೇಡಂ, ಬ್ರೇಕ್ ಸರಿಯಿಲ್ವಾ?"

"ಬ್ರೇಕ್ ಸರಿ ಇದೆ. ನೀವು ಹೇಗೋ ಗೊತ್ತಿಲ್ವಲ್ಲ."

ಮುಂದಿನದು ಕೆಂಪು ದೀಪದಲ್ಲಿ. ಗಾಡಿ ನಿಂತ ತಕ್ಷಣ ದೊಡ್ಡಮ್ಮ ಯೇಸುವಿನ ಕಥೆ ಶುರುಮಾಡುತ್ತಿದ್ದಳು, ದೀಪ ಹಸಿರಾದರೆ ನಿಲ್ಲಿಸಿ, ಮುಂದಿನ ಸಿಗ್ನಲ್ಲಿನಲ್ಲಿ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಿದ್ದಳು. ಕಲಿಯುವವರು ಬೇಗ ಹಸಿರು ಬರಲೆಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದರು. ಅಷ್ಟರಮಟ್ಟಿಗೆ ಅವಳು ಅವರನ್ನು ಪ್ರಾರ್ಥನೆಗೆ ಹಚ್ಚಿದ್ದಳು ಎನ್ನಬೇಕು.

ಹೀಗೇಕೆ ಎಂದು ನಾನೊಮ್ಮೆ ಕೇಳಿದ್ದೆ. ಆಗ ಅವಳು ಮಗುವಿನ ವಿಷಯ ಹೇಳಿದಳು. ಮದುವೆಯಾದ ಹೊಸದರಲ್ಲಿ ಅವಳಿಗೊಂದು ಹೆಣ್ಣುಮಗು ಹುಟ್ಟಿ, ನಗುವುದನ್ನು ಕಲಿಯುವಷ್ಟರಲ್ಲಿ ತೀರಿಕೊಂಡಿತು. ಆಮೇಲೆ ಮಕ್ಕಳಾಗಲಿಲ್ಲ. ಆ ದಿನಗಳಲ್ಲಿ ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮೇಲಿನ ಮನೆಯ ಬಾಡಿಗೆಯಾಕೆ ದಿನಾ ಇಳಿದುಬಂದು ಪಾತ್ರೆ ತೊಳೆದು, ಇವಳ ತಲೆ ಬಾಚಿ ಹೋಗುತ್ತಿದ್ದಳು. ಒಂದು ದಿನ ತಲೆ ಬಾಚುತ್ತಾ ಯೇಸುವಿನ ವಿಷಯ ಹೇಳಿದಳು. ಹೇಳುವಾಗ ನಾಚಿಕೆಯಿಂದ ಅವಳ ಕೈಯಲ್ಲಿದ್ದ ಬಾಚಣಿಗೆ ಎರಡು ಸಲ ಕೆಳಗೆ ಬಿತ್ತಂತೆ. ಸ್ವಲ್ಪ ದಿನಕ್ಕೆ ಆ ಬಾಡಿಗೆಯವರು ಬೇರೆ ಊರಿಗೆ ಹೋದರು, ಅಷ್ಟರಲ್ಲಿ ದೊಡ್ಡಮ್ಮ ಚರ್ಚಿಗೆ ಹೋಗತೊಡಗಿದ್ದಳು. ಹೆಂಡತಿ ಹಾಸಿಗೆ ಬಿಟ್ಟು ಎದ್ದಳಲ್ಲ ಎಂದು ದೊಡ್ಡಪ್ಪನೂ ಅವಳ ಹಿಂದೆ ಚರ್ಚಿಗೆ ಹೋದ.

"ಅವಳು ನಾಚ್ಕೊಂಡು ಸುಮ್ಮನಿದ್ದಿದ್ರೆ ನಾನು ಇವತ್ತಿಗೂ ಆ ಹಾಸಿಗೇಲೇ ಇರ್ತಿದ್ದೆ" ಎಂದಳು ದೊಡ್ಡಮ್ಮ. "ಅದಕ್ಕೆ ನಾಚಿಕೆ ಅನ್ನೋದನ್ನ ನಾನು ಇಟ್ಕೊಂಡಿಲ್ಲ."

ಇದು ನಿಜ. ಇಟ್ಟುಕೊಂಡಿರಲಿಲ್ಲ.

ಮೊದಲ ದೂರು ಬ್ಯಾಂಕಿನ ಅಧಿಕಾರಿಯೊಬ್ಬಳಿಂದ ಬಂತು. ಕಳೆದುಹೋದ ಕುರಿಯನ್ನು ಕುರುಬ ಹುಡುಕಿಕೊಂಡು ಹೋದ ಕಥೆಯನ್ನು ದೊಡ್ಡಮ್ಮ ಆ ದಿನ ದೀಪ ಹಸಿರಾದ ಮೇಲೂ ನಿಲ್ಲಿಸದೆ ಮುಂದುವರಿಸಿದ್ದಳು. ಕುರಿ ಸಿಗುವ ಮೊದಲೇ ಕಾರು ಕಸದ ತೊಟ್ಟಿಗೆ ಗುದ್ದಿತ್ತು.

ಮಾಲೀಕ ಒಳ್ಳೆಯವನು, ಆದರೆ ಕಾರು ಅವನದು. "ಅಕ್ಕಾ, ನಿಮ್ಮ ದೇವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಕಾರಿನ ಒಳಗೆ ಮಾತ್ರ ಬೇಡ."

"ಒಳಗೆ ಬೇಡ. ಸರಿ" ಎಂದಳು ದೊಡ್ಡಮ್ಮ.

ಮರುದಿನದಿಂದ ಪ್ರತಿ ಪಾಠದ ನಡುವೆ ಎಲ್ಲಾದರೂ ನೆರಳು ನೋಡಿ ಗಾಡಿ ನಿಲ್ಲಿಸಿ, "ಇಳೀರಿ, ಟೈರ್ ನೋಡೋಣ" ಎನ್ನುವುದು ಶುರುವಾಯಿತು. ಆ ವರ್ಷ ಕಲಿತವರಿಗೆ ಟೈರಿನ ಬಗ್ಗೆ ಇದ್ದಷ್ಟು ತಿಳಿವಳಿಕೆ ಬೇರೆ ಯಾರಿಗೂ ಇರಲಿಲ್ಲ.

ಮೇಷ್ಟ್ರು ಬಂದದ್ದು ಆ ಕಾಲದಲ್ಲೇ. ಅವರು ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಕಾರು ಓಡಿಸುತ್ತಿದ್ದದ್ದು ಹೆಂಡತಿ. ಅವರು ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳಿದವರು, ಅದೂ ತಪ್ಪು ದಾರಿ ಎಂದು ಅವರೇ ಹೇಳುತ್ತಿದ್ದರು. ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲಿ ನಿಂತೇ ಇತ್ತು. ಅದರ ಮೇಲಿನ ಧೂಳು ನೋಡಲಾಗದೆ ಕಲಿಯಲು ಬಂದಿದ್ದರು.

ಮೊದಲ ದಿನವೇ ಷರತ್ತು ಹಾಕಿದರು. "ಮೇಡಂ, ನಿಮ್ಮ ವಿಷಯ ಕೇಳಿ ತಿಳ್ಕೊಂಡೇ ಬಂದಿದೀನಿ. ನನಗೆ ದೇವರಲ್ಲಿ ನಂಬಿಕೆ ಇಲ್ಲ. ಹಿಂದೆ ಇರಲಿಲ್ಲ, ಮುಂದೆ ಬರೋ ಲಕ್ಷಣಾನೂ ಇಲ್ಲ. ನನಗೆ ಗೇರ್ ಹಾಕೋದು ಕಲಿಸಿ, ಸಾಕು."

"ಆಗಲಿ ಸಾರ್. ಪ್ರಾರ್ಥನೆ ಮಾತ್ರ ಮಾಡ್ತೀನಿ. ಅದು ನಿಮಗೋಸ್ಕರ ಅಲ್ಲ, ರಸ್ತೇಲಿರೋರಿಗೋಸ್ಕರ."

ಮೇಷ್ಟ್ರು ಸ್ವಲ್ಪ ಯೋಚಿಸಿ, ಅದು ನ್ಯಾಯವಾದ ಮಾತು ಎಂದು ಒಪ್ಪಿಕೊಂಡರು.

ಮುಂದಕ್ಕೆ ಓಡಿಸುವುದು ಅವರಿಗೆ ಬೇಗ ಬಂತು. ಹಿಂದಕ್ಕೆ ಬರಲಿಲ್ಲ. ರಿವರ್ಸ್ ಗೇರ್ ಹಾಕಿದ ತಕ್ಷಣ ಕುತ್ತಿಗೆ ಮರದ ಹಲಗೆಯಂತಾಗುತ್ತಿತ್ತು, ಎಡ ಬಲ ಅದಲು ಬದಲಾಗುತ್ತಿತ್ತು. ನಮ್ಮ ಚರ್ಚಿನ ಹಿಂದೆ ವಿಶಾಲವಾದ ಅಂಗಳವಿತ್ತು. ದೊಡ್ಡಮ್ಮ ಅಲ್ಲಿ ಅಭ್ಯಾಸ ಮಾಡಿಸಿದಳು. ಖಾಲಿ ಅಂಗಳದಲ್ಲೂ ಮೇಷ್ಟ್ರು ಅಲ್ಲಿದ್ದ ಒಂದೇ ಒಂದು ಕಂಬವನ್ನು ಹುಡುಕಿಕೊಂಡು ಹೋಗಿ ಮುಟ್ಟಿದರು.

"ಎರಡು ಗಾಡಿ ನಡುವೆ ನಿಲ್ಲಿಸೋದು ಕಲೀಬೇಕು ಸಾರ್. ಅದಕ್ಕೆ ಗಾಡಿ ಬೇಕು. ಭಾನುವಾರ ಬೆಳಿಗ್ಗೆ ಬನ್ನಿ, ಇಲ್ಲಿ ಬೇಕಾದಷ್ಟಿರ್ತವೆ."

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಎಷ್ಟೋ ಸಲ ಹಿಂದೆ ಮುಂದೆ ಮಾಡಿ, ಬೆವರು ಸುರಿಸಿ, ಕೊನೆಗೆ ಗೋಡೆಗೂ ಪಾಸ್ಟರ ಕಾರಿಗೂ ನಡುವೆ ಗಾಡಿಯನ್ನು ಸೇರಿಸಿದರು. ಅಷ್ಟರಲ್ಲಿ ಹಾಡುವವರ ವ್ಯಾನು ಬಂದು ಇವರಿಗೆ ಅಡ್ಡವಾಗಿ ನಿಂತಿತು. ಹಾಡುವವರು ಇಳಿದು ಒಳಗೆ ಹೋದರು. ವ್ಯಾನಿನವನು ಕೀಲಿ ಸಮೇತ ಅವರ ಹಿಂದೆಯೇ ಹೋದ. ದೊಡ್ಡಮ್ಮ ಅವನಿಗೆ ಮೊದಲೇ ಹೇಳಿಟ್ಟಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದರೆ ಅವಳು ಹವಾಮಾನದ ಬಗ್ಗೆ ಮಾತಾಡುತ್ತಾಳೆ.

"ಈಗ ನಾನು ಹೊರಗೆ ಹೋಗೋದು ಹೇಗೆ?" ಎಂದರು ಮೇಷ್ಟ್ರು.

"ನಡ್ಕೊಂಡು ಹೋಗಬಹುದು ಸಾರ್."

"ಪಾಠ ಇನ್ನೂ ಅರ್ಧ ಬಾಕಿ ಇದೆ."

ಪಾಠವನ್ನು ಅರ್ಧಕ್ಕೆ ಬಿಟ್ಟು ಹೋಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಕಾರಿನೊಳಗೆ ಸೆಕೆ ತಡೆಯಲಾಗದೆ ಚರ್ಚಿನ ಕೊನೆಯ ಬೆಂಚಿಗೆ ಬಂದು, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಹಾಗೆ ಕೈಕಟ್ಟಿ ಕೂತರು. ಹಾಡಿಗೆ ಏಳಲಿಲ್ಲ, ಪ್ರಾರ್ಥನೆಗೆ ಕಣ್ಣು ಮುಚ್ಚಲಿಲ್ಲ. ಪಾಸ್ಟರು ಆ ದಿನ, ನಂಬುವವರು ಉಪ್ಪಿನಂತಿರಬೇಕು, ಉಪ್ಪು ಸಪ್ಪಗಾದರೆ ಕೆಲಸಕ್ಕೆ ಬಾರದು ಎಂದು ಬೋಧಿಸಿದರು. ಎಲ್ಲ ಮುಗಿದ ಮೇಲೆ ಮೇಷ್ಟ್ರು ನೇರವಾಗಿ ಅವರ ಬಳಿ ಹೋದರು.

"ಪಾಸ್ಟರೇ, ಚೆನ್ನಾಗಿ ಮಾತಾಡಿದ್ರಿ. ಆದ್ರೆ ಸೋಡಿಯಂ ಕ್ಲೋರೈಡ್ ಸಪ್ಪಗಾಗಲ್ಲ."

ಪಾಸ್ಟರು ಚಿಕ್ಕ ವಯಸ್ಸಿನವರು. ಇಂಥ ಪ್ರಶ್ನೆ ಅವರಿಗೆ ಯಾರೂ ಹಾಕಿರಲಿಲ್ಲ. "ಮುಂದಿನ ವಾರ ಬನ್ನಿ ಸಾರ್, ನೋಡಿ ಹೇಳ್ತೀನಿ" ಎಂದರು.

ಉತ್ತರ ತೆಗೆದುಕೊಳ್ಳಲು ಮೇಷ್ಟ್ರು ಮುಂದಿನ ವಾರ ಬಂದರು. ಆ ಕಾಲದ ಉಪ್ಪಿನಲ್ಲಿ ಮಣ್ಣು, ಬೇರೆ ಲವಣ ಎಲ್ಲ ಬೆರೆತಿರುತ್ತಿತ್ತು, ಒದ್ದೆಯಾದರೆ ಉಪ್ಪು ಕರಗಿ ಹೋಗಿ ಮಣ್ಣು ಉಳಿಯುತ್ತಿತ್ತು ಎಂದು ಪಾಸ್ಟರು ಓದಿಕೊಂಡು ಬಂದು ಹೇಳಿದರು. ಮೇಷ್ಟ್ರು ಅರ್ಧ ಅಂಕ ಕೊಟ್ಟರು. ಅಷ್ಟರಲ್ಲಿ ಆ ವಾರದ ಬೋಧನೆಯಲ್ಲಿ ಇನ್ನೊಂದು ತಪ್ಪು ಸಿಕ್ಕಿತ್ತು. ಅದರ ಉತ್ತರಕ್ಕೆ ಮತ್ತೊಂದು ವಾರ ಬರಬೇಕಾಯಿತು. ಹೀಗೆ ಅವರು ನಂಬದೆ, ತಪ್ಪದೆ ಬರತೊಡಗಿದರು. ನಡುವೆ ಲೈಸೆನ್ಸ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಇನ್ನೊಮ್ಮೆ ಪಾಸಾದರು. ಬರಲು ಇನ್ನು ಕಾರಣವೇ ಇರಲಿಲ್ಲ. ಆದರೂ ಹೆಂಡತಿಯ ಕಾರನ್ನು ತೊಳೆದು, ಸಣ್ಣ ಗಲ್ಲಿಗಳಲ್ಲಿ ಸುತ್ತಿಕೊಂಡು ಅದರಲ್ಲೇ ಬಂದರು. ಕಂಬವಿದ್ದ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ.

ಲೈಸೆನ್ಸ್ ಸಿಕ್ಕಿದರೂ ದೊಡ್ಡ ರಸ್ತೆಗೆ ಇಳಿಯಲು ಅವರಿಗೆ ಧೈರ್ಯವಿರಲಿಲ್ಲ. ಒಂದು ಮಧ್ಯಾಹ್ನ ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಮಾಲೀಕನ ಕಾರಲ್ಲವಾದ್ದರಿಂದ ದೊಡ್ಡಮ್ಮ ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಮೇಷ್ಟ್ರೇ ಕೇಳಿದರು.

"ನಿಮ್ಮ ದೇವರು ನನ್ನ ಹೆಂಡತೀನ ಯಾಕೆ ಉಳಿಸಲಿಲ್ಲ?"

ಇಂಥ ಪ್ರಶ್ನೆಗಳಿಗೆಲ್ಲ ದೊಡ್ಡಮ್ಮನ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು. ಆ ದಿನ ಏಕೋ ಅವು ಬಾಯಿಗೆ ಬರಲಿಲ್ಲವಂತೆ.

"ಗೊತ್ತಿಲ್ಲ ಸಾರ್. ನನ್ನ ಮಗೂನೂ ಉಳಿಸಲಿಲ್ಲ. ಯಾಕೆ ಅಂತ ಎಷ್ಟೋ ಸಲ ಕೇಳಿದೀನಿ. ಇನ್ನೂ ಹೇಳಿಲ್ಲ."

ಮೇಷ್ಟ್ರು ತಿರುಗಿ ಅವಳ ಮುಖ ನೋಡಿದರು.

"ಹಸಿರು ಬಂತು. ಎಡಕ್ಕೆ ಇಂಡಿಕೇಟರ್ ಹಾಕಿ" ಎಂದಳು ದೊಡ್ಡಮ್ಮ.

ಆ ಸಂಜೆ ಅವಳು ಊಟಕ್ಕೆ ಕೂತವಳು ತಟ್ಟೆಯ ಅಂಚನ್ನೇ ನೋಡುತ್ತಿದ್ದಳು. "ಒಂದು ಒಳ್ಳೆ ಅವಕಾಶ ಕೈಬಿಟ್ಟೆ ಕಣ್ರೀ. ಅವರು ತಾವಾಗೇ ಬಾಯಿಬಿಟ್ಟು ಕೇಳಿದ್ರು. ನಾನು ಗೊತ್ತಿಲ್ಲ ಅಂದ್ಬಿಟ್ಟೆ."

ದೊಡ್ಡಪ್ಪ ತುತ್ತು ನುಂಗಿದ. "ಗೊತ್ತಿದ್ಯಾ ನಿನಗೆ?"

"ಇಲ್ಲ."

"ಮತ್ತೆ? ಸರಿಯಾಗೇ ಹೇಳಿದೀಯ" ಎಂದು ನೀರು ಕುಡಿದು ಎದ್ದ. ಅವನ ಮಟ್ಟಿಗೆ ಅದು ಭಾಷಣ.

ಅದೇ ವರ್ಷ ದೊಡ್ಡಪ್ಪ ಅಂಗಡಿಯಲ್ಲಿ, ಅರ್ಧ ಹೊದಿಸಿದ ಸೋಫಾದ ಮೇಲೆ ಕುಸಿದುಬಿದ್ದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ನಾನು ಫೋನ್ ಮಾಡಿದ ಕೂಡಲೇ ಮೇಷ್ಟ್ರು ತಾವೇ ಕಾರು ಓಡಿಸಿಕೊಂಡು, ದೊಡ್ಡ ರಸ್ತೆಯಲ್ಲೇ ಬಂದರು. ಬಂದವರು ಕಾರಿನ ಬಾಗಿಲು ಹಾಕುವುದನ್ನೂ ಮರೆತು ಒಳಗೆ ಓಡಿದರು, ಅದನ್ನು ನಾನು ಹೋಗಿ ಹಾಕಿದೆ.

ತುರ್ತು ಚಿಕಿತ್ಸೆಯ ಕೋಣೆಯ ಹೊರಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಬೇರೆ ಸಮಯದಲ್ಲಾಗಿದ್ದರೆ ದೊಡ್ಡಮ್ಮ ಆ ಸಾಲಿನಲ್ಲಿ ಕೂತ ಎಲ್ಲರ ಕಷ್ಟ ಕೇಳಿ, ಎಲ್ಲರಿಗೂ ಪ್ರಾರ್ಥನೆ ಮಾಡಿ, ನರ್ಸುಗಳನ್ನೂ ಬಿಡುತ್ತಿರಲಿಲ್ಲ. ಆ ದಿನ ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲನ್ನು ನೋಡುತ್ತಾ ಕೂತಿದ್ದಳು. ಪಾಸ್ಟರು ಊರಲ್ಲಿರಲಿಲ್ಲ.

"ಸಾರ್, ಸ್ವಲ್ಪ ಪ್ರಾರ್ಥನೆ ಮಾಡಿ. ನನಗೆ ಮಾತೇ ಹೊರಡ್ತಿಲ್ಲ" ಎಂದಳು.

ಮೇಷ್ಟ್ರು ಹಿಂದೆ ಯಾರಾದರೂ ಇದ್ದಾರೇನೋ ಎಂದು ನೋಡಿದರು. "ನಾನಾ? ನನಗೆ ಬರಲ್ಲ ಮೇಡಂ."

"ನಿಮಗೆ ಕ್ಲಚ್ಚೂ ಬರ್ತಿರಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟರು. ಮತ್ತೆ ಹಾಕಿಕೊಂಡರು. ನಮ್ಮವರೆಲ್ಲ ದೇವರನ್ನು 'ನೀನು' ಎಂದು ಕರೆಯುತ್ತಾರೆ. ಅಷ್ಟು ಪರಿಚಯವಿಲ್ಲದ ಕಾರಣ ಮೇಷ್ಟ್ರು ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆಯುವ ಧಾಟಿಯಲ್ಲಿ ಶುರುಮಾಡಿದರು.

"ತಾವು ಇದ್ದೀರೋ ಇಲ್ಲವೋ ನನಗೆ ತಿಳಿಯದು. ಇದ್ದಲ್ಲಿ, ಇವರ ಯಜಮಾನರು ಒಳಗಿದ್ದಾರೆ. ಇವರು ಹೊರಗೆ ಕೂತಿದ್ದಾರೆ. ಒಳಗಿರೋರನ್ನ ಇವರ ಹತ್ತಿರ ಕಳಿಸಿಕೊಡಬೇಕು ಅಂತ ತಮ್ಮಲ್ಲಿ ಕೇಳಿಕೊಳ್ತೀನಿ. ಇವರು ತಮ್ಮ ಬಗ್ಗೆ ಎಷ್ಟೊಂದು ಜನಕ್ಕೆ ಹೇಳಿದ್ದಾರೆ. ಅದನ್ನಾದರೂ ಗಮನಕ್ಕೆ ತಗೋಬೇಕು." ಕೊನೆಗೆ, "ಇಂತಿ" ಎಂದು ನಿಲ್ಲಿಸಿದರು.

"ಆಮೆನ್" ಎಂದಳು ದೊಡ್ಡಮ್ಮ. ಆಚೆ ಕುರ್ಚಿಯಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸೂ ಆಮೆನ್ ಎಂದಳು.

ಅರ್ಜಿ ಮಂಜೂರಾಗಲಿಲ್ಲ. ಸಂಜೆ ಬಿಸಿಲು ಕಿಟಕಿಯಲ್ಲಿರುವಾಗಲೇ ದೊಡ್ಡಪ್ಪ ಹೋಗಿಬಿಟ್ಟ.

ಮಣ್ಣು ಮಾಡಿದ ದಿನ ದೊಡ್ಡಮ್ಮ ಅಳುತ್ತಾ ನಿಂತಿದ್ದಳು, ಮೇಷ್ಟ್ರು ಸಿಟ್ಟಿನಿಂದ ನಿಂತಿದ್ದರು. ಎಲ್ಲರೂ ಹೊರಡುವಾಗ ಪಾಸ್ಟರನ್ನು ತಡೆದು, "ನಾನು ಕೇಳಿದ್ದೆ! ಜೀವಮಾನದಲ್ಲಿ ಒಂದೇ ಒಂದು ಸಲ ಕೇಳಿದೆ. ಅದೂ ನನಗೋಸ್ಕರ ಅಲ್ಲ. ಇದ್ಯಾವ ರೀತಿ?" ಎಂದು ದಬಾಯಿಸಿದರು. ಪಾಸ್ಟರು ಈ ಸಲ ಮುಂದಿನ ವಾರ ಬನ್ನಿ ಎನ್ನಲಿಲ್ಲ, ತಲೆತಗ್ಗಿಸಿ ಕೇಳಿಸಿಕೊಂಡರು.

ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ಬಾಗಿ, "ನೋಡಿದ್ಯಾ, ಇವರು ಈಗ ಯಾರ ಜೊತೆ ಜಗಳ ಆಡ್ತಿದಾರೆ?" ಎಂದಳು.

"ಪಾಸ್ಟರ್ ಜೊತೆ."

"ಅಲ್ಲ ಕಣೆ" ಎಂದಳು. ಆಮೇಲೆ ಮತ್ತೆ ಅಳತೊಡಗಿದಳು.

ಕೆಲಸಕ್ಕೆ ಮರಳಿದ ದೊಡ್ಡಮ್ಮ ಬೇರೆಯೇ ಆಗಿದ್ದಳು. ಕಾರಿನೊಳಗೆ ಕ್ಲಚ್ಚು, ಬ್ರೇಕು, ಗೇರು ಬಿಟ್ಟರೆ ಬೇರೆ ಮಾತಿಲ್ಲ. ನೆರಳು ಕಂಡರೂ ನಿಲ್ಲಿಸುತ್ತಿರಲಿಲ್ಲ. ಟೈರುಗಳನ್ನು ಯಾರೂ ನೋಡುತ್ತಿರಲಿಲ್ಲ. ಪ್ರಾರ್ಥನೆಯನ್ನು ಬಾಯಿಬಿಡದೆ ಮನಸ್ಸಿನಲ್ಲೇ ಮಾಡುತ್ತಿದ್ದಳು. ಇದರಿಂದ ಮಾಲೀಕ ನೆಮ್ಮದಿಯಾಗಿ ಇರಬೇಕಾಗಿತ್ತು. ಆದರೆ ದೂರು ಬರತೊಡಗಿದವು. ಮೇಡಂ ಪಕ್ಕದಲ್ಲಿ ಕಲ್ಲಿನ ಹಾಗೆ ಕೂತಿರ್ತಾರೆ, ನಮ್ಮಿಂದ ಏನೋ ದೊಡ್ಡ ತಪ್ಪಾಗಿದೆ ಅಂತ ಭಯ ಆಗುತ್ತೆ, ಕ್ಲಚ್ ಬಿಡೋದೇ ಮರೆತುಹೋಗುತ್ತೆ ಎಂದು.

ಮಾಲೀಕ ಒಂದು ಲೋಟ ಚಹಾ ತರಿಸಿ ಅವಳ ಮುಂದಿಟ್ಟ. "ಅಕ್ಕಾ, ಹಿಂದಿನ ಥರಾನೇ ಮಾತಾಡಿ."

"ಕಾರಿನ ಒಳಗೆ ಬೇಡ ಅಂದಿದ್ರಿ."

"ಅಂದಿದ್ದೆ. ಈಗ ಒಳಗೇ ಹೇಳಿ. ಕುರಿ ಕಥೆ ಹೇಳುವಾಗ ಮಾತ್ರ ಗಾಡಿ ನಿಲ್ಸಿ."

ದೊಡ್ಡಮ್ಮ ಮತ್ತೆ ಹೇಳತೊಡಗಿದಳು, ಆದರೆ ಕೆಂಪು ದೀಪಕ್ಕೆ ಕಾಯುವುದನ್ನು ಬಿಟ್ಟಿದ್ದಳು. ಕಲಿಯುವವರ ಮನೆಯ ಸುದ್ದಿ ಕೇಳುತ್ತಿದ್ದಳು. ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು, ಇದು ಹೊಸದು. ಅವಳ ಸರದಿ ಬಂದಾಗ ಮಗುವಿನ ವಿಷಯ, ಬಾಚಣಿಗೆ ಕೈಜಾರಿದ ಹೆಂಗಸಿನ ವಿಷಯ, ದೊಡ್ಡಪ್ಪನ ವಿಷಯ, ಯೇಸುವಿನ ವಿಷಯ ಎಲ್ಲವನ್ನೂ ಸೇರಿಸಿ ಹೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು. ಚರ್ಚಿಗೆ ಬಂದವರ ಸಂಖ್ಯೆ ಹೆಚ್ಚಿತೇ ಎಂದು ಯಾರಾದರೂ ಕೇಳಬಹುದು. ಹೆಚ್ಚೇನೂ ಆಗಲಿಲ್ಲ. ಕಸದ ತೊಟ್ಟಿಗೆ ಗುದ್ದಿದ್ದ ಬ್ಯಾಂಕಿನವಳು ಒಂದು ಭಾನುವಾರ ತಾನಾಗಿಯೇ ಬಂದಳು. ಕುರಿ ಕೊನೆಗೆ ಏನಾಯಿತೆಂದು ತಿಳಿಯದೆ ಉಳಿದುಬಿಟ್ಟಿತ್ತಂತೆ.

ಮೇಷ್ಟ್ರು ಕೆಲವು ವಾರ ಬರಲಿಲ್ಲ. ಆಮೇಲೆ ಬಂದರು. ಕೊನೆಯ ಬೆಂಚಿನಲ್ಲಿ ಕೂತರು, ಆದರೆ ಕೈ ಕಟ್ಟಿರಲಿಲ್ಲ. ಸಿಟ್ಟು ಇಳಿಯಿತೇ ಎಂದು ದೊಡ್ಡಮ್ಮ ಕೇಳಿದ್ದಕ್ಕೆ, "ಇಲ್ಲ. ಆದ್ರೆ ಮನೇಲಿ ಒಬ್ನೇ ಕೂತು ಸಿಟ್ಟು ಮಾಡ್ಕೊಳ್ಳೋದಕ್ಕಿಂತ ಇಲ್ಲಿ ಬಂದು ನೇರವಾಗಿ ಮಾಡ್ಕೊಳ್ಳೋದು ವಾಸಿ" ಎಂದರು. ದೇವರೊಂದಿಗೆ ಅವರು ಇನ್ನೂ 'ತಾವು' ಎಂದೇ ಮಾತಾಡುತ್ತಿದ್ದರು, ಆದರೆ ದಿನಾ ಮಾತಾಡುತ್ತಿದ್ದರು. ಹೀಗೆ ಎರಡು ವರ್ಷ ಕಳೆದವು. ಒಂದು ಭಾನುವಾರ ಪಾಸ್ಟರ ಬಳಿ ಹೋಗಿ ದೀಕ್ಷಾಸ್ನಾನದ ವಿಷಯ ಕೇಳಿದರು. ನೀರು ಎಷ್ಟು ಆಳ, ಬಿಸಿಯೋ ತಣ್ಣಗೋ, ಮುಳುಗಿಸುವಾಗ ಮೂಗು ಯಾರು ಹಿಡಿಯಬೇಕು, ಕನ್ನಡಕ ಏನು ಮಾಡುವುದು. ಪಾಸ್ಟರು ಎಲ್ಲಕ್ಕೂ ಉತ್ತರ ಕೊಟ್ಟು ಕೊನೆಗೆ, "ನಂಬ್ತೀರಾ ಸಾರ್?" ಎಂದರು.

"ನಂಬ್ತೀನಿ. ಅರ್ಥ ಆಗಿಲ್ಲ. ಎರಡೂ ಬೇರೆ ಅಂತ ಗೊತ್ತಾಗೋಕೆ ಇಷ್ಟು ದಿನ ಹಿಡೀತು" ಎಂದರು ಮೇಷ್ಟ್ರು.

ಆ ದಿನ ಕನ್ನಡಕ ಹಿಡಿದುಕೊಂಡು ನಿಂತವಳು ದೊಡ್ಡಮ್ಮ. ಮೇಷ್ಟ್ರು ನೀರಿನಿಂದ ಎದ್ದು ಕೆಮ್ಮಿದರು, ಇನ್ನೂ ಸ್ವಲ್ಪ ಕೆಮ್ಮಿದರು, ಟವೆಲ್ ಸುತ್ತಿಕೊಂಡು ಹಿಂದಿನ ಮೆಟ್ಟಿಲ ಮೇಲೆ ಕೂತರು. ದೊಡ್ಡಮ್ಮ ಕನ್ನಡಕ ಒರೆಸಿ ಕೊಟ್ಟಳು.

"ಮೇಡಂ, ಇನ್ಮೇಲೆ ನಾನೂ ನಿಮ್ಮ ಹಾಗೆ ಎಲ್ಲರಿಗೂ ಹೇಳ್ಬೇಕಾ?"

"ಎಲ್ಲರಿಗೂ ಬೇಡ ಸಾರ್. ಒಬ್ಬರಿಂದ ಶುರು ಮಾಡಿ. ಮನೇವರು ಯಾರಿದಾರೆ?"

ಮೇಷ್ಟ್ರು ಟವೆಲಿನ ತುದಿ ಹಿಂಡಿದರು. "ಒಬ್ಬಳು ತಂಗಿ ಇದಾಳೆ. ಮಾತಿಲ್ಲ." ಹೆಂಡತಿ ಕಾಯಿಲೆ ಬಿದ್ದಾಗ ತಂಗಿ ಬೇರೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದಿದ್ದಳಂತೆ. ಇವರು ಬೇಡವೆಂದು ಹಟ ಹಿಡಿದರಂತೆ. ಹೆಂಡತಿ ಹೋದ ಮೇಲೆ ತಂಗಿಯ ಮುಖ ನೋಡಲಾಗದೆ ಇವರೇ ಮಾತು ಬಿಟ್ಟಿದ್ದರು. ಅವಳು ಎಷ್ಟೋ ಸಲ ಫೋನ್ ಮಾಡಿದ್ದಳು, ಇವರು ಎತ್ತಿರಲಿಲ್ಲ.

"ಅವಳಿಗೆ ಈ ವಿಷಯ ಹೇಳ್ಬೇಕು ಅಂದ್ರೆ, ಮೊದಲು ಅವಳ ಜೊತೆ ಮಾತಾಡ್ಬೇಕಲ್ಲ" ಎಂದರು.

"ಹೂಂ ಸಾರ್. ಅದಿಲ್ದೆ ಆಗಲ್ಲ."

ಒದ್ದೆ ತಲೆಯಲ್ಲೇ ಮೇಷ್ಟ್ರು ಫೋನ್ ಹಚ್ಚಿದರು. ಆ ಕಡೆಯಿಂದ ದನಿ ಬಂತು. ನಾವಿಬ್ಬರೂ ಮುಖ ಬೇರೆ ಕಡೆ ತಿರುಗಿಸಿಕೊಂಡು ಕಿವಿಗೊಟ್ಟು ನಿಂತಿದ್ದೆವು.

"ನಾನು ಕಣಮ್ಮಾ, ಅಣ್ಣ" ಎಂದರು. ಕನ್ನಡಕ ಸರಿಮಾಡಿಕೊಂಡು, "ನಾನು ಕಾರು ಕಲಿತೆ" ಎಂದರು.

"ನೀನಾ?" ಎಂದಳು ತಂಗಿ. ಮೆಟ್ಟಿಲ ತನಕ ಕೇಳಿಸುವಷ್ಟು ಜೋರಾಗಿ. ಆಮೇಲೆ ಅವಳು ನಕ್ಕಳೋ ಅತ್ತಳೋ ನಮಗೆ ತಿಳಿಯಲಿಲ್ಲ. ಮೇಷ್ಟ್ರಂತೂ ಎರಡನ್ನೂ ಮಾಡಿದರು. ಒದ್ದೆ ಬಟ್ಟೆಯಲ್ಲೇ ಬಹಳ ಹೊತ್ತು ಮಾತಾಡಿದರು. ಅವಳ ಮೊಣಕಾಲು ನೋವು, ಅಳಿಯನ ಕೆಲಸ, ಅಮ್ಮನ ಹಳೆಯ ಕಪಾಟು ಈಗ ಯಾರ ಮನೆಯಲ್ಲಿದೆ, ಎಲ್ಲ ಬಂತು. ಮುಂದಿನ ಶನಿವಾರ ತಾವೇ ಕಾರಿನಲ್ಲಿ ಬರುವುದಾಗಿ ಹೇಳಿದರು. ಬೇಡ, ನಾನೇ ಬರ್ತೀನಿ ಎಂದು ಅವಳು ಹೆದರಿ ಹೇಳಿದಳು.

ಫೋನ್ ಇಟ್ಟ ಮೇಲೆ ಮೇಷ್ಟ್ರು ನೆನಪಿಸಿಕೊಂಡು ತಲೆ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಮೇಡಂ, ಯೇಸುವಿನ ವಿಷಯ ಹೇಳೋದೇ ಮರೆತೆ."

"ಇರಲಿ ಬಿಡಿ ಸಾರ್" ಎಂದಳು ದೊಡ್ಡಮ್ಮ. "ಶನಿವಾರ ಅವರು ಬರ್ತಾರಲ್ಲ. ನೀವು ಮೊದಲು ಹೋಗಿ ತಲೆ ಒರೆಸಿಕೊಳ್ಳಿ, ಶೀತ ಆಗುತ್ತೆ."